ಕಿಟಕಿಗೆ ಕಟ್ಟಿದ ರಬ್ಬರ್ ಪಟ್ಟಿ

ಛಾವಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದಂದಿನಿಂದ ಬಡಗಿ ಗಾಲಿಕುರ್ಚಿಯಲ್ಲಿ ಕೋಣೆಯ ಮೂಲೆ ಹಿಡಿದಿದ್ದ. ತೋಳಿಗೆ ಬಲ ಬರಲೆಂದು ಫಿಸಿಯೋ ಮೇಡಂ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ದಿನಾ ಎಳೆಯಲು ಹೇಳಿ ಹೋದರು. ವಾರದಲ್ಲೇ ಅವನ ಎಣಿಕೆ ಐವತ್ತು ಮುಟ್ಟಿತು.

ಮೇಡಂ ಮತ್ತೆ ಬಂದಾಗ, "ಈ ಪಟ್ಟಿ ನಂಗೆ ಯಾವ ಮೂಲೆಗೂ ಸಾಲಲ್ಲ, ದಪ್ಪದ್ದು ಕೊಡಿ" ಎಂದು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಎಳೆದು ತೋರಿಸಿದ. ಕುರ್ಚಿ ಇಂಚಿಂಚಾಗಿ ಕಿಟಕಿಯತ್ತ ಜರುಗಿತು.

"ಬ್ರೇಕ್ ಹಾಕ್ಕೊಂಡು ಎಳೀರಿ" ಎಂದರು ಮೇಡಂ. ಆರನೇ ಎಳೆತಕ್ಕೇ ತೋಳು ಸೋತಿತು.

ಬಡಗಿ ಹೆಂಡತಿಯ ಮೇಲೆ ಹರಿಹಾಯ್ದ. "ದಿನಾ ನೋಡ್ತಿದ್ದೆಯಲ್ಲ, ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?"

"ಬಿದ್ದ ಮೇಲೆ ನೀವು ಕಿಟಕಿ ಹತ್ರ ಬಂದಿದ್ದು ಅದೇ ಮೊದಲು," ಎಂದಳು ಅವಳು. "ಹೇಗೆ ಹೇಳಲಿ?"