ಚಂದ್ರನಾಥನ ಹಾಯಿಕಂಬ

ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಸಂಪತ್ಕುಮಾರನಿಗೆ ಮೂರ್ಖರನ್ನು ಕಂಡರೆ ಆಗುತ್ತಿರಲಿಲ್ಲ. ತೊಂದರೆಯೆಂದರೆ, ಹಾಸನದಿಂದ ಹೊಳೆನರಸೀಪುರದವರೆಗೆ ಅವನ ಕಣ್ಣಿಗೆ ಬೇರೆ ಯಾರೂ ಬೀಳುತ್ತಲೇ ಇರಲಿಲ್ಲ. ಪ್ರಿನ್ಸಿಪಾಲರು ಮೂರ್ಖರು, ಬಸ್ಸಿನ ಕಂಡಕ್ಟರ್ ಮೂರ್ಖ, ಅರಕಲಗೂಡಿನ ಮಾವನ ಮನೆಯವರಂತೂ ಒಂದು ವಂಶಕ್ಕೆ ವಂಶವೇ ಮೂರ್ಖರು. ಹೆಂಡತಿ ರಂಗನಾಯಕಿ ಇದನ್ನು ಕೇಳಿ ಕೇಳಿ ಬೇಸತ್ತು, ಅವನು ಬಾಯಿ ತೆರೆದ ಕೂಡಲೇ ಒಳಗೆ ಹೋಗಿ ಒಗ್ಗರಣೆ ಹಾಕತೊಡಗುತ್ತಿದ್ದಳು.

ಐವತ್ತೆಂಟರ ಬೇಸಿಗೆಯಲ್ಲಿ ಚನ್ನರಾಯಪಟ್ಟಣದಿಂದ ಅವನ ಸೋದರಮಾವ, ಪೆನ್ಷನ್ ಪಡೆಯುತ್ತಿದ್ದ ಅಮಲ್ದಾರ್ ಅಪ್ಪಾಜಿಯವರು ಹೇಳಿಕಳಿಸಿದರು: ಒಂದು ಕಂಬದ ಎತ್ತರ ಅಳೆಯಬೇಕಾಗಿದೆ, ತಕ್ಷಣ ಬಾ.

ಕಂಬ ಅಪ್ಪಾಜಿಯವರ ನೆರೆಮನೆಯ, ಪಾತ್ರೆ ಅಂಗಡಿಯ ಚಂದ್ರನಾಥನದು. ಹಿತ್ತಾಳೆ ಕೊಳಗ ಮಾರಿಕೊಂಡು ಸುಖವಾಗಿದ್ದ ಆ ಜೈನ ಗೃಹಸ್ಥನಿಗೆ ಸಕಲೇಶಪುರದ ಕಡೆ ಕಾಫಿ ತೋಟ ಮಾರಿ ಊರಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಹಾಯಿದೋಣಿಯನ್ನು ಗಂಟು ಹಾಕಿದ್ದ. ಚಂದ್ರನಾಥ ಅದನ್ನು ಲಾರಿಯಲ್ಲಿ ತರಿಸಿ, ಕೆರೆಯ ಒಣಗಿದ ಮೂಲೆಯಲ್ಲಿ ಕಲ್ಲುಗಳ ಮೇಲೆ ಕೂರಿಸಿ, ಮಳೆಗಾಲಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ಕರೆಂಟ್ ಆಫೀಸಿನವರು ತಕರಾರು ತೆಗೆದರು. ಅಕ್ಕಿ ಗಿರಣಿಗೆ ಹೋಗುವ ತಂತಿ ಕೆರೆಯ ಆ ಮೂಲೆಯ ಮೇಲೇ ಹಾದುಹೋಗಿತ್ತು. ದೋಣಿಯ ಹಾಯಿಕಂಬದ ಎತ್ತರ ಎಷ್ಟೆಂದು ಖಚಿತವಾಗಿ ತಿಳಿಯದೆ ದೋಣಿ ನೀರಿಗಿಳಿಸುವಂತಿಲ್ಲ ಎಂದರು.

ಸಂಪತ್ಕುಮಾರ ಬಸ್ಸಿಳಿದು ಕೆರೆಗೆ ಬಂದು ದೋಣಿ ನೋಡಿದ. ನಗು ಬರಲಿಲ್ಲ, ಮೈ ಉರಿಯಿತು.

"ಏನ್ರೀ ಇದು? ಕಂಬ ಕಿತ್ತು ನೆಲದ ಮೇಲೆ ಮಲಗಿಸಿ ಟೇಪು ಹಿಡಿದರೆ ಮುಗಿಯಿತಲ್ಲ!"

"ಅದು ಬರಕಿಲ್ಲ ಮೇಷ್ಟ್ರೇ," ಎಂದ ಚಂದ್ರನಾಥ ಹೆಮ್ಮೆಯಿಂದ. "ಗಾಳಿಗೆ ಅಲ್ಲಾಡ್ತಿತ್ತು. ಆಚಾರಿನ ಕರೆಸಿ ಕಬ್ಬಿಣದ ಪಟ್ಟಿ ಬಿಗಿಸಿ ಭದ್ರ ಮಾಡ್ಸಿವ್ನಿ. ಈಗ ಕಂಬ ಕೀಳ್ಬೇಕಂದ್ರೆ ದೋಣಿ ಒಡೀಬೇಕು."

"ಮೇಲೆ ಹತ್ತಿ ಅಳೆಯಬಹುದಿತ್ತು."

"ಮ್ಯಾಲತ್ತೋನ ತೂಕಕ್ಕೆ ದೋಣಿ ಮಗುಚ್ಕತದೆ. ಒಂದ್ಸಲ ಆಯ್ತು."

ಇವನು ಬರುವ ಮೊದಲೇ ಅಲ್ಲಿ ಪ್ರಯತ್ನಗಳು ನಡೆದುಹೋಗಿದ್ದವು. ಚಂದ್ರನಾಥ ಕೋತಿ ಆಡಿಸುವವನನ್ನು ಕರೆಸಿ, ಕೋತಿಯ ಸೊಂಟಕ್ಕೆ ದಾರ ಕಟ್ಟಿಸಿ, ಕಂಬದ ತುದಿಗೆ ಹತ್ತಿಸಿದ್ದ. ಕೋತಿ ಹತ್ತಿತು. ಆಮೇಲೆ ಇಳಿಯಲಿಲ್ಲ. ಬಾಳೆಹಣ್ಣು ತೋರಿಸಿದರೂ ಅಲ್ಲೇ ಕುಳಿತು ದಾರವನ್ನು ಬಿಚ್ಚಿ, ಕಂಬಕ್ಕೇ ಸುತ್ತಿ, ಸಂಜೆಗೆ ತನಗೆ ಮನಸ್ಸು ಬಂದಾಗ ಇಳಿದುಬಂತು. ಮಾರನೆಯ ದಿನ ಚಂದ್ರನಾಥ ಹಾಯಿ ಏರಿಸುವ ಹಗ್ಗಕ್ಕೆ ತನ್ನ ಹೆಂಡತಿ ಮರುದೇವಿಯ ಹದಿನಾರು ಮೊಳದ ಸೀರೆಯ ಸೆರಗು ಕಟ್ಟಿ ಮೇಲಕ್ಕೆಳೆದ. ಸೀರೆ ಕಂಬಕ್ಕೆ ಒಂದು ಮೊಳ ಸಾಲದೆ ಬಂತು. ಆ ಒಂದು ಮೊಳ ಯಾರ ಕೈಯದ್ದೆಂದು ಅಪ್ಪಾಜಿಯವರಿಗೂ ಅವನಿಗೂ ಜಗಳ ಹತ್ತಿತು. ಅಪ್ಪಾಜಿಯವರ ಕೈ ಉದ್ದ, ಚಂದ್ರನಾಥನದು ಮೋಟು. ಇಬ್ಬರೂ ಕೈ ಚಾಚಿ ನಿಂತಿರುವಾಗಲೇ ಗಾಳಿ ಬೀಸಿ, ಸೀರೆ ಹರಿದು, ಗೋಣಿ ಮರಕ್ಕೆ ಸಿಕ್ಕಿಕೊಂಡಿತು. ಮರುದೇವಿ ಗಂಡನೊಡನೆ ಮಾತು ಬಿಟ್ಟಳು.

"ಇದಕ್ಕೆಲ್ಲ ಹಳೇ ಕಾಲದ ಉಪಾಯ ಇದೆ ಕಣಯ್ಯಾ," ಎಂದರು ಅಪ್ಪಾಜಿ ಸೋದರಳಿಯನಿಗೆ. "ಕಂಬಕ್ಕೆ ಬೆನ್ನು ಹಾಕಿ ನಡೀತಾ ಹೋಗಬೇಕು. ಆಗಾಗ ಬಗ್ಗಿ ಕಾಲ ಸಂದಿಯಿಂದ ನೋಡಬೇಕು. ಎಲ್ಲಿ ನಿಂತಾಗ ತುದಿ ಕಾಣ್ತದೋ, ಅಲ್ಲಿಂದ ಕಂಬಕ್ಕೆ ಎಷ್ಟು ದೂರವೋ ಅದೇ ಎತ್ತರ. ನಾನು ಅಮಲ್ದಾರಿಕೆ ಮಾಡುವಾಗ ಎಷ್ಟು ಮರ ಅಳೆದಿದ್ದೀನಿ!"

ಅಳಿಯ ಬೇಡವೆನ್ನುವಷ್ಟರಲ್ಲಿ ಅವರು ಕಚ್ಚೆ ಬಿಗಿದು ಹೊರಟರು. ಏರಿಯ ಮೇಲೆ ಜನ ಸೇರಿತು. ರುಮಾಲು, ಮುಚ್ಚುಕೋಟು, ಎಪ್ಪತ್ತರ ಪ್ರಾಯ. ಬಗ್ಗಿದರು, ನೋಡಿದರು, ಇನ್ನೂ ನಾಲ್ಕು ಹೆಜ್ಜೆ ಹೋದರು, ಮತ್ತೆ ಬಗ್ಗಿದರು. "ಕಾಣ್ತು, ಕಾಣ್ತು!" ಎಂದು ಕೂಗಿದವರು ಹಾಗೇ ತಲೆ ಸುತ್ತಿ ಮುಂದಕ್ಕೆ ಉರುಳಿದರು. ಎಬ್ಬಿಸಿ ಕೂರಿಸಿದಾಗ ತಾವು ಎಲ್ಲಿ ನಿಂತಿದ್ದೆವೆಂಬುದು ಅವರಿಗೆ ಮರೆತುಹೋಗಿತ್ತು.

'ಇಂಥವರು ತಾಲ್ಲೂಕು ಆಳಿದರು,' ಎಂದುಕೊಂಡ ಸಂಪತ್ಕುಮಾರ. ಅವನಿಗೆ ಒಳಗೊಳಗೇ ಸುಖವಾಗಿತ್ತು. ಸುತ್ತ ಇಷ್ಟು ಹೇರಳವಾಗಿ ದಡ್ಡತನ ಸಿಕ್ಕಿ ಬಹಳ ದಿನವಾಗಿತ್ತು.

ಚೀಲದಿಂದ ತನ್ನ ಸಾಧನ ತೆಗೆದ: ಮರದ ದೊಡ್ಡ ಕೋನಮಾಪಕ, ನಡುವಿನಿಂದ ನೇತಾಡುವ ದಾರ, ದಾರದ ತುದಿಗೆ ಸೀಸದ ಗುಂಡು. ದೂರ ಅಳೆದು ನಿಂತು, ಒಂದು ಕಣ್ಣು ಮುಚ್ಚಿ, ಕಂಬದ ತುದಿಗೆ ಗುರಿಯಿಟ್ಟ. ಗಣಿತದ ಕೋಷ್ಟಕ ತಿರುವಿ ಲೆಕ್ಕ ಹಾಕಿದ.

"ಕಂಬ ಇಪ್ಪತ್ತೈದು ಅಡಿ ಏಳು ಅಂಗುಲ. ದೋಣಿ ತೇಲಿದಾಗ ನೀರಿನ ಮೇಲೆ ಉಳಿಯುವ ಭಾಗ ಸೇರಿಸಿದರೆ ಇಪ್ಪತ್ತೇಳು ಅಡಿ ಒಂಬತ್ತು ಅಂಗುಲ. ತಂತಿ ಎಷ್ಟು ಎತ್ತರದಲ್ಲಿದೆ?"

ಲೈನ್‌ಮನ್ ತಿಮ್ಮಪ್ಪ ಬೀಡಿ ಆರಿಸಿ ಎದ್ದು ನಿಂತ. "ಮೂವತ್ತಡಿ ಸಾ. ನಾನೇ ಗಳ ಇಡ್ಕಂಡು ಅಳ್ದಿವ್ನಿ."

"ಹಾಗಾದರೆ ಎರಡೂಕಾಲು ಅಡಿ ಅಂತರ ಉಳಿಯಿತು. ಧಾರಾಳವಾಗಿ ದೋಣಿ ಬಿಡಿ." ಕೋನಮಾಪಕವನ್ನು ಒರೆಸಿ ಒಳಗಿಟ್ಟು, "ಎಂಟನೇ ಕ್ಲಾಸಿನ ಲೆಕ್ಕ. ಇದಕ್ಕೆ ಕೋತಿ ಬೇಕಾಯ್ತೇ ನಿಮಗೆ?" ಎಂದ.

ಚಂದ್ರನಾಥ ಕೈಮುಗಿದು, ದೋಣಿ ತೇಲಿಸುವ ದಿನ ನೀವೇ ಮುಂದೆ ಕೂರಬೇಕು ಎಂದ.

ಆ ವರ್ಷ ಮಳೆ ಚೆನ್ನಾಗಿ ಬಂತು. ಕೆರೆ ಕೋಡಿ ಹರಿಯಿತು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ದೋಣಿಗೆ ಮಾವಿನ ಸೊಪ್ಪು ಕಟ್ಟಿದರು. ಊರಿನ ಅರ್ಧ ಜನ ಏರಿಯ ಮೇಲಿದ್ದರು. ಸಂಪತ್ಕುಮಾರ ಸರಿಗೆ ಪೇಟ, ಕಪ್ಪು ಕೋಟು ಹಾಕಿಕೊಂಡು ಬಂದಿದ್ದ. ಚನ್ನರಾಯಪಟ್ಟಣದ ಊಟದ ಮೇಲೂ ನಂಬಿಕೆಯಿಲ್ಲದೆ ಮೊಸರನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ದೋಣಿಯ ಮುಂತುದಿಯಲ್ಲಿ ಕುಳಿತ. ನಡುವೆ ಅಪ್ಪಾಜಿ, ಹಿಂದೆ ಚುಕ್ಕಾಣಿ ಹಿಡಿದ ಚಂದ್ರನಾಥ.

ಹಾಯಿಗೆ ಗಾಳಿ ತುಂಬಿತು. ದೋಣಿ ನಿಜವಾಗಿಯೂ ಹೋಯಿತು. ಜನ ಕೇಕೆ ಹಾಕಿದರು. ಗಿರಣಿಯ ಕಡೆಗೆ ತಿರುಗಿದಾಗ ಸಂಪತ್ಕುಮಾರ ಕತ್ತೆತ್ತಿ ನೋಡಿದ. ತಂತಿ ಇರಬೇಕಾದ ಕಡೆ ಇರಲಿಲ್ಲ. ಅದು ತೀರ ಕೆಳಗಿತ್ತು. ಹತ್ತಿರವಾದಂತೆಲ್ಲ ಇನ್ನೂ ಕೆಳಗಿಳಿಯುವಂತೆ ಕಾಣುತ್ತಿತ್ತು.

"ತಿರುಗಿಸ್ರೀ!" ಎಂದು ಕಿರುಚಿದ.

"ಎತ್ತ ತಿರುಗಿಸ್ಲಿ?" ಎಂದ ಚಂದ್ರನಾಥ. ಹಾಯಿ ಏರಿಸುವುದನ್ನು ಅವನು ಕಲಿತಿದ್ದ, ತಿರುಗಿಸುವುದನ್ನು ಕಲಿತಿರಲಿಲ್ಲ.

ಕಂಬದ ತುದಿ ತಂತಿಗಳ ನಡುವೆ ಹೋಗಿ ಸಿಕ್ಕಿಕೊಂಡಿತು. ಒಂದು ತಂತಿ ಇನ್ನೊಂದಕ್ಕೆ ತಾಗಿ ಚಟಾರನೆ ನೀಲಿ ಕಿಡಿ ಹಾರಿತು. ಗಿರಣಿಯ ಸದ್ದು ನಿಂತಿತು. ಕಂಬ ಒಣಮರದ್ದಾದ್ದರಿಂದ ಕರೆಂಟ್ ಕೆಳಗಿಳಿಯದೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅದನ್ನು ತಿಳಿದಿದ್ದ ಏಕೈಕ ಮನುಷ್ಯನೇ ಎಲ್ಲರಿಗಿಂತ ಮೊದಲು ನೀರಿಗೆ ಹಾರಿದ. ಅಲ್ಲಿ ನೀರು ಎದೆಮಟ್ಟವಿತ್ತು. ಪೇಟ ತೇಲಿಹೋಯಿತು, ಮೊಸರನ್ನ ಕೆರೆಯ ತಳ ಸೇರಿತು. ಅಪ್ಪಾಜಿಯವರು ದೋಣಿಯಲ್ಲೇ ಕುಳಿತು, ಅಳಿಯ ಕೆಸರಿನಲ್ಲಿ ಎಡವುತ್ತ ದಡ ಸೇರುವುದನ್ನು ಕಣ್ತುಂಬ ನೋಡಿದರು.

ದಡದಲ್ಲಿ ಅವನು ತಿಮ್ಮಪ್ಪನ ಮೇಲೆ ಹಾರಿಬಿದ್ದ. "ಮೂವತ್ತಡಿ ಅಂದೆಯಲ್ಲಯ್ಯಾ!"

"ಮೂವತ್ತೇ ಸಾ. ಬ್ಯಾಸ್ಗೇಲಿ ಕೆರೆ ಒಳ್ಗೆ ನೆಲ್ದ ಮ್ಯಾಲೆ ನಿಂತ್ಕಂಡು ಅಳ್ದಿದ್ದು. ಈಗ ನಾಕಡಿ ನೀರ್ ಬಂದ್ಬುಟ್ಟೈತೆ. ಅದಕ್ಕೆ ನಾನೇನ್ ಮಾಡ್ಲಿ? ಆಗ ನೀವೂ ಕೇಳ್ಲಿಲ್ಲ, ನಂಗೂ ಒಳೀಲಿಲ್ಲ."

ಕರೆಂಟ್ ಆಫೀಸಿನವರು ಬಂದು ಹಾಯಿಕಂಬವನ್ನು ನಡುವೆ ಒಮ್ಮೆ, ದೋಣಿಯ ಮಟ್ಟದಲ್ಲಿ ಒಮ್ಮೆ ಗರಗಸದಿಂದ ಕೊಯ್ಯಿಸಿ ದೋಣಿ ಬಿಡಿಸಿದರು. ಎರಡು ತುಂಡುಗಳನ್ನು ದಡಕ್ಕೆ ತಂದು ಹಾಕಿದ್ದೇ ತಡ, ಸಂಪತ್ಕುಮಾರ ಟೇಪು ಬೇಡಿದ. ಮೈಯಿಂದ ನೀರು ಸುರಿಯುತ್ತಿರುವಾಗಲೇ ಮಂಡಿಯೂರಿ ಮೊದಲು ತುದಿಯ ತುಂಡು, ಆಮೇಲೆ ಬುಡದ್ದು ಅಳೆದ. ಕೂಡಿಸಿದ. ಇಪ್ಪತ್ತೈದು ಅಡಿ ಏಳು ಅಂಗುಲ!

"ನೋಡಿದಿರಾ? ನನ್ನ ಲೆಕ್ಕ ಒಂದು ನೂಲೂ ತಪ್ಪಿಲ್ಲ!" ಎಂದು ತಲೆಯೆತ್ತಿದ.

ಜನ ಚದುರಿದ್ದರು. ಚಂದ್ರನಾಥ ದೋಣಿಯ ಜೊತೆಗಿದ್ದ. ಅಪ್ಪಾಜಿಯವರು ಆಗಲೇ ಮನೆಯ ದಾರಿ ಹಿಡಿದು, ಸಿಕ್ಕಿದವರಿಗೆಲ್ಲ ನಿಂತು ನಿಂತು ಕಥೆ ಹೇಳುತ್ತಿದ್ದರು. ಮರುದೇವಿಯೊಬ್ಬಳು ಒಣ ಪಂಚೆ ಹಿಡಿದು ನಿಂತಿದ್ದಳು. ಅವಳು ಅವನನ್ನು ನೋಡಿದ ರೀತಿಯನ್ನು ಅವನು ಕೂಡಲೇ ಗುರುತು ಹಿಡಿದ. ಇಷ್ಟು ವರ್ಷ ತಾನು ಜಗತ್ತನ್ನು ನೋಡುತ್ತಿದ್ದುದು ಹಾಗೆಯೇ. ಎದುರಿನಿಂದ ಅದು ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಚಳಿ ಒಮ್ಮೆಗೇ ಮೂಳೆಗಿಳಿಯಿತು.

"ಅಳ್ದಿದ್ದಾಯ್ತಾ?" ಎಂದಳು ಅವಳು. "ಬೇಗ ಬಟ್ಟೆ ಬದಲಾಯ್ಸಿ ಬನ್ನಿ. ಒತ್ತು ಮುಳುಗಿದ್ ಮೇಲೆ ನಮ್ಮನೇಲಿ ಯಾರೂ ಉಣ್ಣಲ್ಲ, ನಿಮಗೋಸ್ಕರ ನಾನು ಕಾಯಲ್ಲ."

ಅವನು ಪಂಚೆ ಸುತ್ತಿಕೊಂಡು ಅವಳ ಹಿಂದೆ ನಡೆದ. ನಡುಮನೆಯಲ್ಲಿ ಎಲೆ ಹಾಕಿದರು. ಬಿಸಿ ಅನ್ನ, ತೊವ್ವೆ, ಸೋರೆಕಾಯಿ ಪಲ್ಯ. ಸಂಪತ್ಕುಮಾರ ಯಾರ ಬಗ್ಗೆಯೂ ಒಂದು ಮಾತೂ ಆಡದೆ ಉಂಡ. ಎರಡನೆಯ ಸಲ ಅನ್ನ ಬಂದಾಗ ಬೇಡವೆನ್ನಲಿಲ್ಲ.