ಬಿಳಿ ಪುಟ ಮತ್ತು ಸಾಂಬಾರು

ನೌಪಾಡಾದ ನಮ್ಮ ಹೋಟೆಲಿನ ವೆಬ್‌ಸೈಟನ್ನು ನಾನೇ ಮಾಡಿದ್ದೆ. ಅದಕ್ಕಾಗಿ ಆರು ತಿಂಗಳು ಲೋಕಲ್ ರೈಲು ಹಿಡಿದು ಕಲ್ಯಾಣದ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಮನೆಯ ಕಂಪ್ಯೂಟರಿನಲ್ಲಿ ದೋಸೆ, ಬನ್ಸ್, ಫೋನ್ ನಂಬರು ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಅಪ್‌ಲೋಡ್ ಮಾಡಿ ತೆರೆದರೆ ಬರೀ ಬಿಳಿ ಪುಟ!

ತುರ್ಭೆಯ ಕಂಪ್ಯೂಟರ್ ಆಫೀಸಿನಲ್ಲಿದ್ದ ಮೈದುನ ವಿಶ್ರುತನಿಗೆ ಫೋನ್ ಮಾಡಿದೆ.

"ಸರ್ವರ್ ಪ್ರಾಬ್ಲೆಮ್ ಅತ್ತಿಗೆ. ಇದು ಸಾಂಬಾರು ಮಾಡಿದ ಹಾಗಲ್ಲ. ಛೋಡೋ, ಬಿಟ್ಟುಬಿಡಿ, ಸಂಡೇ ಬಂದು ನೋಡ್ತೇನೆ" ಎಂದ.

ನನಗೆ ಮೈಯೆಲ್ಲ ಉರಿಯಿತು. ಸಾಂಬಾರು ಕೆಟ್ಟರೆ ನಾವು ಒಲೆಯನ್ನು ಬೈಯುವುದಿಲ್ಲ, ಕೊನೆಗೆ ಏನು ಹಾಕಿದೆವು ಎಂದು ನೋಡುತ್ತೇವೆ. ಇಲ್ಲಿ ಕೊನೆಗೆ ಹಾಕಿದ್ದೇನು? ಅಪ್‌ಲೋಡ್ ಮಾಡುವ ಮೊದಲು, ಮಾವ ಹೇಳಿದರೆಂದು ಫೈಲಿನ ಮೊದಲ ಸಾಲಿನಲ್ಲಿ 'ಶ್ರೀ ಗಣೇಶಾಯ ನಮಃ' ಎಂದು ಬರೆದಿದ್ದೆ. ಗಿರಾಕಿಗಳಿಗೆ ಕಾಣದಿರಲಿ ಎಂದು ಅದಕ್ಕೆ ಮರೆ ಮಾಡುವ ಗುರುತನ್ನೂ ಹಾಕಿದ್ದೆ; ಆಮೇಲೆ ಮನೆಯ ಕಂಪ್ಯೂಟರಿನಲ್ಲಿ ಮತ್ತೆ ನೋಡಿರಲಿಲ್ಲ. ಫೈಲು ತೆರೆದೆ. ಮರೆ ಶುರುವಾಗುವ ಗುರುತು ಇತ್ತು, ಮುಗಿಯುವ ಗುರುತೇ ಇರಲಿಲ್ಲ. ಗಣಪತಿಯ ಹಿಂದೆ ಇಡೀ ಹೋಟೆಲೇ ಅಡಗಿ ಕೂತಿತ್ತು!

ಮರೆ ಮುಗಿಸುವ ಮೂರೇ ಮೂರು ಚಿಹ್ನೆ ಒತ್ತಿ ಮತ್ತೆ ಅಪ್‌ಲೋಡ್ ಮಾಡಿದೆ. ದೋಸೆ ಬಂತು, ಬನ್ಸ್ ಬಂತು, ಫೋನ್ ನಂಬರೂ ಬಂತು.

ಸಂಜೆ ವಿಶ್ರುತನೇ ಫೋನ್ ಮಾಡಿದ. "ಸೈಟ್ ಚಾಲೂ ಆಯ್ತಲ್ಲ ಅತ್ತಿಗೆ! ನಾನು ಹೇಳ್ಲಿಲ್ವಾ, ಸರ್ವರ್ ಪ್ರಾಬ್ಲೆಮ್ ಅಂತ?"

"ಸರ್ವರಿಗೆ ಏನೂ ಆಗಿರಲಿಲ್ಲ ಮಾರಾಯ. ಕೆಡಿಸಿದ್ದೂ ನಾನೇ, ಸರಿ ಮಾಡಿದ್ದೂ ನಾನೇ. ನೀನು ಸಂಡೇ ಬಾ, ಸಾಂಬಾರು ಮಾಡ್ಲಿಕ್ಕೆ ಕಲಿಸ್ತೇನೆ."