ಕರೂರಿನ ಹಸಿರು ಗೆರೆ

ರಾಜ್ಯ ಮೂವತ್ತು ವರ್ಷ ಉರಿಸಿದ ಕರೆಂಟು ನನಗೆ ನಾಲ್ಕು ಬಣ್ಣದಲ್ಲಿ ಬಾಯಿಪಾಠ. ಮನೆಗೆ ನೀಲಿ, ಕಾರ್ಖಾನೆಗೆ ಕೆಂಪು, ಅಂಗಡಿ ಕಚೇರಿಗಳಿಗೆ ಹಳದಿ, ಹೊಲದ ಪಂಪಿಗೆ ಹಸಿರು. ಬಳ್ಳಾರಿ ಕಂಟೋನ್ಮೆಂಟಿನಲ್ಲಿರುವ ನಮ್ಮ ಸಣ್ಣ ಅಧ್ಯಯನ ಕೇಂದ್ರದಲ್ಲಿ ಗ್ರಾಫಿನ ಹಾಳೆಯ ಮೇಲೆ ವರ್ಷಕ್ಕೊಂದು ಚುಕ್ಕಿ ಇಟ್ಟು ಗೆರೆ ಎಳೆಯುವುದು ನನ್ನ ಕೆಲಸ. ಪದ್ಮಾಬಾಯಿ ಎಳೆದ ಗೆರೆ ಎಂದರೆ ಯಾರೂ ಎದುರಾಡುತ್ತಿರಲಿಲ್ಲ. ನಾನೂ ಆಡಗೊಡುತ್ತಿರಲಿಲ್ಲ ಅನ್ನಿ.

ಈ ವರ್ಷ ಆ ಗೆರೆಗಳೆಲ್ಲ ಪುಸ್ತಕವಾಗುತ್ತಿದ್ದವು. ನಮ್ಮ ಜಿಲ್ಲೆಯ ಅಧ್ಯಾಯಕ್ಕೆ ನನ್ನದೇ ಹೆಸರು. ಶುಕ್ರವಾರ ಅಚ್ಚಿಗೆ ಹೋಗಬೇಕು, ತಿಂಗಳ ಕೊನೆಗೆ ನಾನು ನಿವೃತ್ತಿಯಾಗಬೇಕು. ಸೋಮವಾರ ಪರ್ವೀನ್ ಬಂದು ನನ್ನ ಮೇಜಿನ ಮುಂದೆ ನಿಂತಳು. ಕುರುಗೋಡಿನವಳು, ನಮ್ಮಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು.

"ಮೇಡಂ, ಲಾಕ್‌ಡೌನ್ ವರ್ಷ ಸಿರುಗುಪ್ಪದ ಹಸಿರು ಗೆರಿ ಯಾಕ ಬಿದ್ದೈತ್ರಿ?"

"ಕೆಂಪೂ ಬಿದ್ದದ, ಹಳದೀನೂ ಬಿದ್ದದ. ಇದೂ ಬಿದ್ದದ."

"ಕಾರ್ಖಾನಿ, ಅಂಗಡಿ ಬಂದ್ ಇದ್ವು, ಖರೆ. ಭತ್ತಾನೂ ಮನ್ಯಾಗ ಕುಂತಿತ್ತೇನ್ರಿ? ನಮ್ಮ ಅಬ್ಬಾ ಮೋಟರ್ ವೈಂಡಿಂಗ್ ಮಾಡ್ತಾರ. ಆ ವರ್ಷ ಸುಟ್ಟ ಪಂಪಿನ ಮೋಟರ್ ಹೊತ್ಕೊಂಡು ಸಿರುಗುಪ್ಪ ಕಡಿ ರೈತರು ಮನಿ ಬಾಗ್ಲಿಗೇ ಬರ್ತಿದ್ರು. ಅಬ್ಬಾಗ ಉಣ್ಣಾಕ ಪುರ್ಸೊತ್ತಿರಲಿಲ್ಲ."

ಮೈಯೆಲ್ಲ ಉರಿಯಿತು. ನಾನು ಮೊದಲ ಚುಕ್ಕಿ ಇಟ್ಟಾಗ ಇವಳಿನ್ನೂ ಹುಟ್ಟಿರಲಿಲ್ಲ! ಬೈದು ಕಳಿಸಿದೆ. ಆದರೆ ರಾತ್ರಿ ಅನ್ನ ಸೇರಲಿಲ್ಲ. ಹೊಲದ ಪಂಪುಗಳಿಗೆ ಬಹುತೇಕ ಮೀಟರ್ ಇರುವುದಿಲ್ಲ. ಒಂದು ಪಂಪಿಗೆ ಮೀಟರ್ ಹಾಕಿ, ಮಿಕ್ಕವೂ ಅಷ್ಟೇ ಓಡಿದವು ಎಂದು ಗುಣಿಸಿಕೊಳ್ಳುತ್ತೇವೆ. ಸಿರುಗುಪ್ಪ ತಾಲೂಕಿಗೆ ನಾವು ಹಿಡಿದ ಪಂಪು ಕರೂರಿನದು. ನಮ್ಮ ಕೇಂದ್ರಕ್ಕೆ ಮೀಟರ್ ಓದುವ ಸುಭಾನಸಾಬರು ಪ್ರತಿ ತಿಂಗಳು ಅಲ್ಲಿಗೆ ಹೋಗಿ ಓದಿ ಅಂಕಿ ಕಳಿಸುತ್ತಿದ್ದರು. ಕರೆಂಟನ್ನೆಲ್ಲ ರೈತರೇ ನುಂಗುತ್ತಾರೆ ಎಂದು ಸಭೆಗಳಲ್ಲಿ ಮಾತಾಡುವವರು ತೋರಿಸುತ್ತಿದ್ದುದು ನನ್ನ ಹಸಿರು ಗೆರೆಯನ್ನೇ. ಅದು ಸುಳ್ಳಾಗಿದ್ದರೆ?

ಮರುದಿನ ಪರ್ವೀನಳನ್ನು ಕರೆದುಕೊಂಡು ಕರೂರಿನ ಬಸ್ಸು ಹತ್ತಿದೆ. ಮೂವತ್ತು ವರ್ಷದಲ್ಲಿ ಆ ಊರಿಗೆ ಅದೇ ನನ್ನ ಮೊದಲ ಪ್ರಯಾಣ ಎಂದು ಅವಳಿಗೆ ಹೇಳಲು ನಾಚಿಕೆಯಾಯಿತು.

ಸುಭಾನಸಾಬರು ನಿಲ್ದಾಣದಲ್ಲೇ ಕಾಯುತ್ತಿದ್ದರು. ಪಂಪೂ ಅಲ್ಲೇ, ಹತ್ತು ಹೆಜ್ಜೆ ದೂರದಲ್ಲಿತ್ತು. ನೀರು ಒಂದು ತೊಟ್ಟಿಗೆ ಬೀಳುತ್ತಿತ್ತು. ಬಸ್ಸಿಳಿದವರು ಮುಖ ತೊಳೆದುಕೊಂಡು ಬೊಗಸೆಯಲ್ಲಿ ಕುಡಿಯುತ್ತಿದ್ದರು. ಚಹಾದಂಗಡಿಯ ಲಾಲಬೀ ಗ್ಲಾಸು ತೊಳೆಯುತ್ತಿದ್ದಳು.

"ಹೊಲಕ್ಕ ಹೋಗೋ ನೀರು ಎಲ್ಲದರೀ?" ಎಂದೆ.

"ಈ ಹೊಲಕ್ಕ ಕಾಲುವಿ ನೀರೇ ಸಾಕಾಗ್ತೈತ್ರಿ ಅಮ್ಮಾರ. ಈ ಪಂಪು ಜನಕ್ಕ ಬಿಟ್ಟಾರ. ಲಾಕ್‌ಡೌನಿನ್ಯಾಗ ಬಸ್ಸಿಲ್ಲ, ಜನ ಇಲ್ಲ, ಪಂಪೂ ಮಲಗಿತ್ತು."

ಎಲ್ಲರೆದುರೇ ಕೂಗಾಡಿಬಿಟ್ಟೆ. ಊರ ತುಂಬ ಪಂಪಿದ್ದರೂ ಇದೇ ಬೇಕಿತ್ತೇ ಎಂದೆ. ಅವರು ಸಿಟ್ಟಾಗಲಿಲ್ಲ. ಚೀಲದಿಂದ ಮಡಿಕೆ ಹರಿದ ಕಾಗದವೊಂದನ್ನು ತೆಗೆದುಕೊಟ್ಟರು. 'ಒಂದು ತಿಂಗಳೂ ತಪ್ಪದಂತೆ ತಲುಪಲು ಅನುಕೂಲವಾದ ಪಂಪನ್ನೇ ಆರಿಸತಕ್ಕದ್ದು.' ಕೆಳಗೆ ನನ್ನದೇ ಸಹಿ.

"ಬಸ್ಸು ಇಲ್ಲೇ ನಿಲ್ತೈತ್ರಿ, ಅದಕ್ಕ ಇದನ್ನ ಹಿಡಿದೆ. ಒಂದು ತಿಂಗಳೂ ತಪ್ಪಿಸಿಲ್ಲ. ಬಸ್ಸಿಲ್ಲದಾಗ ಸಿರುಗುಪ್ಪದಿಂದ ಸೈಕಲ್ ಮ್ಯಾಲ ಬಂದೀನಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪರ್ವೀನ್ ಮೆಲ್ಲಗೆ, "ನಾ ಯಾರಿಗೂ ಹೇಳಲ್ರಿ ಮೇಡಂ" ಎಂದಳು. ಆ ಮಾತಿಗೆ ಇನ್ನಷ್ಟು ಕುಗ್ಗಿಹೋದೆ. ನನ್ನ ಮರ್ಯಾದೆ ಉಳಿಸಲು ಈ ಹುಡುಗಿ ಸುಳ್ಳಿನ ಪಾಲುದಾರಳಾಗಬೇಕೇ?

"ನೀ ಹೇಳಬ್ಯಾಡ, ನಾನೇ ಹೇಳ್ತೀನಿ" ಎಂದೆ. ಊರಿನ ಪಂಪುಗಳ ಮಾಲೀಕರ ಹೆಸರನ್ನೆಲ್ಲ ಸುಭಾನಸಾಬರು ಹೇಳಿದರು, ಪರ್ವೀನ್ ಚೀಟಿ ಬರೆದಳು. ಲಾಲಬೀ ಕಣ್ಣು ಮುಚ್ಚಿ ಹತ್ತು ಚೀಟಿ ಎತ್ತಿದಳು. ಇನ್ನು ಮುಂದೆ ಮೀಟರ್ ಹಾಕುವುದು ಆ ಹತ್ತಕ್ಕೆ, ದೂರವಿರಲಿ ಹತ್ತಿರವಿರಲಿ.

ಗುರುವಾರ ನಮ್ಮ ನಿರ್ದೇಶಕ ಭಾರ್ಗವನ ಮುಂದೆ ಎಲ್ಲವನ್ನೂ ಹೇಳಿದೆ. ಮೀಟರಿಗೆ ಒಪ್ಪಿದ. ಪುಸ್ತಕದಿಂದ ಆ ಗೆರೆ ತೆಗೆಯಬೇಕೆಂಬ ಮಾತಿಗೆ ಮಾತ್ರ ಹಣೆ ಒತ್ತಿಕೊಂಡ.

"ಇಷ್ಟು ವರ್ಷ ನಡದದ, ಇದೊಂದು ಸಲ ನಡೀಲಿ ಬಿಡ್ರಿ ಪದ್ಮಾಬಾಯಿ. ಹೋಗೋ ಹೊತ್ತಿನಾಗ ಹೆಸರು ಯಾಕ ಕೆಡಿಸಿಕೊಳ್ತೀರಿ?"

"ಸುಳ್ಳಿನ ಕೆಳಗ ನನ್ನ ಹೆಸರು ಇರೋದು ಬ್ಯಾಡ. ನಾ ಬರೆದಂಗ ಅಚ್ಚು ಹಾಕ್ರಿ, ಇಲ್ಲಾ ನನ್ನ ಹೆಸರು ತಗೀರಿ."

ಹೆಸರು ತೆಗೆಯಲು ಅವನಿಗೆ ಧೈರ್ಯವಾಗಲಿಲ್ಲ. ಸಿರುಗುಪ್ಪದ ಹಸಿರು ಇರಬೇಕಾದಲ್ಲಿ ಖಾಲಿ ಜಾಗವೇ ಅಚ್ಚಾಯಿತು. ಈ ತಾಲೂಕಿನ ಹೊಲಗಳು ಎಷ್ಟು ಕರೆಂಟು ಬಳಸುತ್ತವೋ ನಮಗೆ ತಿಳಿದಿಲ್ಲ, ತಪ್ಪು ನನ್ನದು, ಈಗ ಅಳೆಯಲು ಶುರು ಮಾಡಿದ್ದೇವೆ ಎಂದು ಕೆಳಗೆ ಬರೆದಿದ್ದೆ.

ನಿವೃತ್ತಿಯಾದ ವಾರವೇ ಪುಸ್ತಕ ಹಿಡಿದು ಕರೂರಿಗೆ ಹೋದೆ. ಸುಭಾನಸಾಬರು ಪುಸ್ತಕ ಬಿಚ್ಚಿ ಖಾಲಿ ಜಾಗವನ್ನೇ ನೋಡಿದರು.

"ಅಂದ್ರ ನಾ ಬರದಿದ್ದೆಲ್ಲ ಹಾಳಾತೇನ್ರಿ ಅಮ್ಮಾರ?"

"ನೀವು ಬರದಿದ್ದು ಒಂದಂಕಿನೂ ತಪ್ಪಿಲ್ರಿ. ಅದು ಭತ್ತದ ಲೆಕ್ಕ ಅಲ್ಲ, ಬಾಯಾರಿದವರ ಲೆಕ್ಕ. ತಪ್ಪು ಹೆಸರಿಟ್ಟಾಕಿ ನಾನು. ಮುಂದಿನ ಹಾಳಿ ನೋಡ್ರಿ."

ಅಲ್ಲಿ ಅದೇ ಹಳೆಯ ಗೆರೆ ಪೂರ್ತಿಯಾಗಿತ್ತು, ಲಾಕ್‌ಡೌನಿನ ತಗ್ಗಿನ ಸಮೇತ. ಕೆಳಗೆ ಹೀಗಿತ್ತು: ಕರೂರು ಬಸ್ ನಿಲ್ದಾಣದ ನೀರಿಗೆ ಮೂವತ್ತು ವರ್ಷ ಓಡಿದ ಕರೆಂಟು. ಅಳೆದವರು ಸುಭಾನಸಾಬ.

ಅವರು ತಮ್ಮ ಹೆಸರಿನ ಮೇಲೆ ಎರಡು ಸಲ ಬೆರಳಾಡಿಸಿದರು. ಪುಸ್ತಕವನ್ನು ಟವಲಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು ಎದ್ದರು.

"ಇವತ್ತು ಚೀಟಿಯಾಗ ಬಂದ ಹುಲಿಗೇಶನ ಪಂಪಿನ ಮೀಟರ್ ನೋಡಬೇಕ್ರಿ. ಎರಡು ಮೈಲಿ ಆಗ್ತೈತಿ, ಕೆಸರೂ ಐತಿ. ಬರ್ತೀರೇನು?"

ಚಪ್ಪಲಿ ಕೈಗೆ ತೆಗೆದುಕೊಂಡು ಗದ್ದೆಯ ಬದುವಿಗೆ ಇಳಿದೆ.